ಕಲಬುರಗಿ ಸೀಮೆಯ ಹಾಡುಗಾರಿಕೆಯೂ ಬಹುಪಥ ಧ್ವನಿಮುದ್ರಣವೂ

೧. ವಿಷಯಪ್ರವೇಶ

ಶಬ್ದವು ಉತ್ಪನ್ನವಾಗಿ ಅಲ್ಪಕಾಲದಲ್ಲಿಯೇ ನಾಶಹೊಂದುವುದೆಂದು ನೈಯಾಯಿಕರೂ, ಅದು ನಿತ್ಯವಾದುದು, ಉಚ್ಚಾರಣದಿಂದ ವ್ಯಕ್ತವಾಗುವುದು ಮಾತ್ರವೆಂದು ಮೀಮಾಂಸಕರೂ ಬಹುಕಾಲ ವಾದಿಸಿದರು. ಶಾಸ್ತ್ರದಲ್ಲಿ ಈ ವಾದದ ನಿರ್ಣಯವು ಹೇಗೆಯೇ ಆಗಲಿ, ಲೋಕದಲ್ಲಿ ಹಾಡುವವನ ಕಂಠವು ನಿಂತೊಡನೆ ಹಾಡೂ ಇಲ್ಲವಾಗುತ್ತಿದ್ದುದು ಎಲ್ಲರ ಅನುಭವವಾಗಿದ್ದಿತು. ಕ್ರಿ. ಶ. 1877ರಲ್ಲಿ ಅಮೆರಿಕಾ ದೇಶದ ಎಡಿಸನ್ನನು ಫೋನೋಗ್ರಾಫ್ ಯಂತ್ರವನ್ನು ರಚಿಸಿದ ಮೇಲೆ ಈ ಅನುಭವಕ್ಕೆ ಮೊದಲ ಬಾರಿ ಬಾಧೆಯುಂಟಾಯಿತು. ಅಂದಿನಿಂದ ಇಂದಿನವರೆಗೆ ಯಂತ್ರಗಳು ಹಲವಾಗಿ ಬಂದುವು. ಮೇಣ, ಅರಗು, ಕಾಂತಪಟ್ಟಿ, ಅಂಕಿ ಎಂದು ಶಬ್ದಕ್ಕೆ ಆಶ್ರಯಗಳೂ ಬದಲಾದುವು.

ಇವುಗಳಲ್ಲಿ ಈಚಿನದು, ಒಂದು ಕೈಚೀಲದಲ್ಲಿ ಹಿಡಿಸತಕ್ಕ ಮಲ್ಟಿಟ್ರ್ಯಾಕ್ ರೆಕಾರ್ಡರು. ಹಲವು ಮೈಕುಗಳಿಂದ ಬಂದ ಧ್ವನಿಗಳನ್ನು ಒಂದರೊಡನೊಂದು ಬೆರಸದೆ ಬೇರೆ ಬೇರೆ ಪಥಗಳಲ್ಲಿ ಬರೆದಿಡುವುದು ಇದರ ಸ್ವಭಾವವಾದುದರಿಂದ ಇದನ್ನು ಬಹುಪಥ ಧ್ವನಿಮುದ್ರಕವೆಂದು ಕರೆಯಬಹುದು. ಇದಕ್ಕೆ ವೃತ್ತಿಗಳು ಎರಡು. ತನ್ನ ಹೊಟ್ಟೆಯಲ್ಲಿರುವ ಸಣ್ಣ ಕಾರ್ಡಿನಲ್ಲಿ ತಾನೇ ಶಬ್ದವನ್ನು ಇಟ್ಟುಕೊಳ್ಳುವುದು ಒಂದು; ಯು.ಎಸ್.ಬಿ. ತಂತಿಯ ಮೂಲಕ ಕಂಪ್ಯೂಟರಿಗೆ ಸೇರಿ, ಮೈಕಿನ ಶಬ್ದವನ್ನು ಅದಕ್ಕೆ ಒಪ್ಪಿಸುವ ಆಡಿಯೋ ಇಂಟರ್‌ಫೇಸ್ ಆಗುವುದು ಇನ್ನೊಂದು. ಮೊದಲನೆಯ ವೃತ್ತಿಯಲ್ಲಿ ಯಂತ್ರವು ಧಾರಕ. ಎರಡನೆಯದರಲ್ಲಿ ಬರಿಯ ವಾಹಕ. ಯಂತ್ರವು ಒಂದೇ ಆದರೂ ಈ ಎರಡು ವೃತ್ತಿಗಳ ಫಲವು ಒಂದಲ್ಲ. ಈ ಭೇದವನ್ನು ಕಲಬುರಗಿ ಸೀಮೆಯ ಹಾಡುಗಾರಿಕೆಯನ್ನೂ ಅಲ್ಲಿ ನಡೆದುಬಂದ ಧ್ವನಿವಾಹನದ ಚರಿತ್ರೆಯನ್ನೂ ಮುಂದಿಟ್ಟುಕೊಂಡು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ಸೀಮೆಯ ಗೇಯಸಂಪತ್ತು

ಕಲಬುರಗಿಯು 1347ರಲ್ಲಿ ಬಹಮನಿ ಅರಸರ ರಾಜಧಾನಿಯಾಯಿತು. ಫಿರೋಜಶಹನ ಕಾಲದಲ್ಲಿ ಇಲ್ಲಿಗೆ ಬಂದು ನೆಲಸಿ 1422ರಲ್ಲಿ ದೇಹವಿಟ್ಟ ಖ್ವಾಜಾ ಬಂದೇನವಾಜರು ಚಿಶ್ತಿ ಪಂಥದವರು. ಗಾನಶ್ರವಣವನ್ನು ಸಾಧನೆಯ ಅಂಗವೆಂದು ಎಣಿಸುವುದು ಆ ಪಂಥದ ಸಂಪ್ರದಾಯ. ಅವರ ದರ್ಗಾದಲ್ಲಿ ಉರುಸಿನ ಕಾಲಕ್ಕೆ ಕವ್ವಾಲಿಯು ನಡೆಯುವುದು. ಅದೇ ನಗರದಲ್ಲಿ 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ಗುಡಿಯಿದ್ದು, ಜಾತ್ರೆಗೆ ಸುತ್ತಣ ಹಳ್ಳಿಗಳ ಭಜನೆಯ ಮೇಳಗಳು ಬರುತ್ತವೆ.

ಹಳ್ಳಿಗಳ ಕಡೆಗೆ ನಡೆದರೆ ತತ್ವಪದಗಳ ನಾಡು. ಕಡಕೋಳದ ಮಡಿವಾಳಪ್ಪನವರ ಪದಗಳೂ, ಅವರ ಶಿಷ್ಯರೆನಿಸಿದ ಚೆನ್ನೂರು ಜಲಾಲಸಾಹೇಬ, ಖೈನೂರು ಕೃಷ್ಣಪ್ಪ, ತೆಲುಗುಬಾಳು ರೇವಪ್ಪ ಮೊದಲಾದವರ ಪದಗಳೂ ಇಲ್ಲಿ ಪುಸ್ತಕದಿಂದ ಓದಲ್ಪಡುವುದಕ್ಕಿಂತ ಹೆಚ್ಚಾಗಿ ಬಾಯಿಂದ ಬಾಯಿಗೆ ಹಾಡಲ್ಪಟ್ಟು ಉಳಿದಿವೆ. ಮೊಹರಮ್ಮಿನ ಅಲಾವಿ ಪದ, ಕಣದಲ್ಲಿ ಎತ್ತುಗಳನ್ನು ಹೂಡಿ ರಾಶಿ ತುಳಿಸುವಾಗಿನ ಹಂತಿಯ ಪದ, ಬೀಸುಕಲ್ಲಿನ ಪದ ಇವೂ ಆ ಸಂಪತ್ತಿನ ಭಾಗಗಳೇ. ಒಕ್ಕುವ ಯಂತ್ರ ಬಂದ ಮೇಲೆ ಹಂತಿಗೆ ಕಣವಿಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವವರಿಲ್ಲ. ಕಾರ್ಯವು ನಿಂತಾಗ ಅದಕ್ಕೆ ಅಂಟಿಕೊಂಡಿದ್ದ ಹಾಡೂ ಕಾರಣಾಭಾವದಿಂದ ಕುಗ್ಗುವುದು ಸಹಜ.

ಭಜನೆಯ ಮೇಳವೆಂದರೆ ಒಬ್ಬನ ಹಾಡಲ್ಲ. ಮುಂದೆ ಹಾಡುವವನು ಏಕತಾರಿಯನ್ನು ಹಿಡಿದಿರುತ್ತಾನೆ. ಪಕ್ಕದಲ್ಲಿ ಪೇಟಿ, ಡಗ್ಗಾ, ದಮ್ಮಡಿ. ಸುತ್ತ ಕುಳಿತವರ ಕೈಯಲ್ಲಿ ತಾಳಗಳು. ಪಲ್ಲವಿಯನ್ನು ಎಲ್ಲರೂ ಎತ್ತಿ ಹೇಳುವರು. ಇಂತಹ ಮೇಳವನ್ನು ಒಂದು ಮೈಕಿನಿಂದ ಒಂದೇ ಪಥದಲ್ಲಿ ಮುದ್ರಿಸಿದರೆ ತಾಳದ ಝಣತ್ಕಾರವು ಮೇಲಾಗಿ, ಪದದ ನಡುನುಡಿಗಳಲ್ಲಿ ಬರುವ ಪಾರಿಭಾಷಿಕ ಶಬ್ದಗಳು ಕೆಳಗೆ ಮುಳುಗುವುವು. ಈ ಸೀಮೆಯ ಗುಡಿಗಳಿಗೂ ಮನೆಗಳಿಗೂ ಶಹಾಬಾದದ ಫರಸಿಯೇ ನೆಲವಾದುದರಿಂದ, ಆ ನುಣುಪಾದ ಕಲ್ಲಿಗೆ ತಗುಲಿ ಮರಳಿದ ಧ್ವನಿಯು ಅಸ್ಪಷ್ಟತೆಯನ್ನು ಇನ್ನಷ್ಟು ಹೆಚ್ಚಿಸುವುದು. ತತ್ವಪದದಲ್ಲಿ ಒಂದು ಅಕ್ಷರವು ತಪ್ಪಿದರೆ ಅರ್ಥವೇ ಬೇರೆಯಾಗುವ ಸ್ಥಳಗಳು ಅನೇಕವಿರುವುದರಿಂದ ಇದು ಸಣ್ಣ ದೋಷವೆನಿಸದು.

೩. ಧ್ವನಿಯು ಬಂದು ಹೋದ ಕಾಲ

ಹಿಂದೂದೇಶದಲ್ಲಿ ವ್ಯಾಪಾರಾರ್ಥವಾದ ಧ್ವನಿಮುದ್ರಣವು 1902ರಲ್ಲಿ ಕಲ್ಕತ್ತೆಯಲ್ಲಿ ಬಲವಾಗಿ ಬೇರೂರಿತು. ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗನು ಆ ವರ್ಷ ಗೌಹರಜಾನಳ ಹಾಡುಗಳನ್ನು ಮುದ್ರಿಸಿಕೊಂಡನು. ಆಕೆಯು ತನ್ನ ಕಡೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಆ ಕಾಲದ ತಟ್ಟೆಯ ಒಂದು ಮುಖವು ಮೂರು ನಾಲ್ಕು ನಿಮಿಷಗಳಲ್ಲಿ ಮುಗಿಯುತ್ತಿದ್ದುದರಿಂದ, ರಾತ್ರಿಯೆಲ್ಲ ನಡೆಯುವ ಭಜನೆಗೆ ಅದು ಪಾತ್ರವಾಗುವಂತಿರಲಿಲ್ಲ. ಕೊಳ್ಳುವವರಿದ್ದ ಹಾಡನ್ನೇ ವ್ಯಾಪಾರಿಗಳು ಮುದ್ರಿಸುತ್ತಿದ್ದರು.

ವ್ಯಾಪಾರಕ್ಕಲ್ಲದೆ ವಿದ್ಯೆಗಾಗಿ ನಡೆದ ಮುದ್ರಣವೂ ಉಂಟು. ಗ್ರಿಯರ್ಸನ್ ಸಾಹೇಬರ ಭಾಷಾಸಮೀಕ್ಷೆಯ ಅಂಗವಾಗಿ 1913ರಿಂದ 1929ರವರೆಗೆ ದೇಶದ ಬಹು ಭಾಷೆಗಳ ಮಾದರಿಗಳು ಗ್ರಾಮಫೋನ್ ತಟ್ಟೆಗಳಿಗೆ ಇಳಿದುವು. ಕನ್ನಡದ ಮಾತೂ ಅವುಗಳಲ್ಲಿ ಸೇರಿದೆ. ಆದರೆ ಆ ಸಮೀಕ್ಷೆಯ ಮುಖ್ಯ ಕಾರ್ಯಕ್ಷೇತ್ರದಿಂದ ಮದರಾಸು ಆಧಿಪತ್ಯವೂ ಮೈಸೂರು, ಹೈದರಾಬಾದು ಸಂಸ್ಥಾನಗಳೂ ಹೊರಗೆ ಉಳಿದಿದ್ದುವು. ಕಲಬುರಗಿಯು ಆಗ ನಿಜಾಮರ ಆಡಳಿತದಲ್ಲಿದ್ದುದರಿಂದ ಈ ಸೀಮೆಯ ನುಡಿಯು ಆ ಮಹಾಗ್ರಂಥದ ಅಂಚಿನಾಚೆಗೇ ನಿಂತಿತು.

1935ರಲ್ಲಿ ಎರಡು ಸಂಗತಿಗಳು ನಡೆದುವು. ಹೈದರಾಬಾದಿನಲ್ಲಿದ್ದ ಖಾಸಗಿ ಬಾನುಲಿಯನ್ನು ನಿಜಾಮ ಸರಕಾರವು ತನ್ನ ವಶಕ್ಕೆ ತೆಗೆದುಕೊಂಡಿತು, ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ಎರಡನೆಯದಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶಕ್ಕೆಲ್ಲ ಆಯಿತು. ಬಾನುಲಿಯ ಆ ಕಾಲದ ಹಾಡು ಬಹುಮಟ್ಟಿಗೆ ಹಾಡಿದಂತೆಯೇ ಪ್ರಸಾರವಾಗುತ್ತಿತ್ತು: ಗಾಯಕನು ಮೈಕಿನ ಮುಂದೆ ಕುಳಿತು ಹಾಡಿದನು, ನಾಡು ಕೇಳಿತು, ಅಲ್ಲಿಗೆ ಮುಗಿಯಿತು. ಆಕಾಶವು ವಹಿಸಿತು, ಧರಿಸಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿ, 1950ರಲ್ಲಿ ಅಲ್ಲಿಯ ಬಾನುಲಿಯು ಅಖಿಲ ಭಾರತ ಸಂಸ್ಥೆಗೆ ಒಳಪಟ್ಟಿತು. 1956ರ ನವೆಂಬರು 1ರಂದು ಕಲಬುರಗಿಯು ಕನ್ನಡಿಗರ ಒಂದೇ ರಾಜ್ಯಕ್ಕೆ ಬಂದು ಸೇರಿತು. ನಗರದಲ್ಲಿಯೇ ಆಕಾಶವಾಣಿಯ ಕೇಂದ್ರವು 1966ರಲ್ಲಿ ಪ್ರಾರಂಭವಾಗಿ, ಹಳ್ಳಿಯ ಹಾಡುಗಾರರಿಗೆ ಮೈಕು ಹತ್ತಿರವಾಯಿತು.

ಅಷ್ಟರಲ್ಲಿ ಕಾಂತಪಟ್ಟಿ, ಎಂದರೆ ಟೇಪು, ಬಳಕೆಗೆ ಬಂದಿದ್ದಿತು. ಜರ್ಮನಿಯಲ್ಲಿ ಫ್ಲಾಯ್‌ಮರನು 1928ರಲ್ಲಿ ಕಲ್ಪಿಸಿದ ಇದು 1935ರಲ್ಲಿ ಮ್ಯಾಗ್ನೆಟೋಫೋನ್ ಎಂಬ ಯಂತ್ರರೂಪದಿಂದ ಪ್ರಕಟವಾಯಿತು. ಟೇಪಿನ ಗುಣವೇ ಅದರ ದೋಷವೂ ಆಯಿತು: ಅಳಿಸಿ ಮತ್ತೆ ಬರೆಯಬಹುದು. ಟೇಪು ಬೆಲೆಯುಳ್ಳದ್ದಾದ ಕಾರಣ ಲೋಕದ ಅನೇಕ ಪ್ರಸಾರಸಂಸ್ಥೆಗಳಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ತುಂಬುವ ಪದ್ಧತಿ ನಡೆಯಿತು, ಇಂಗ್ಲೆಂಡಿನ ಬಿ.ಬಿ.ಸಿ.ಯಂತಹ ಸಂಪನ್ನ ಸಂಸ್ಥೆಯಲ್ಲಿಯೂ ಹೀಗೆ ಅಳಿದುಹೋದ ಕಾರ್ಯಕ್ರಮಗಳು ಬಹಳ. ಧಾರಣಸಾಮರ್ಥ್ಯವಿದ್ದರೂ ಧಾರಣಬುದ್ಧಿಯಿಲ್ಲದಿದ್ದರೆ ಉಳಿವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗದು.

೪. ಪಥಗಳು ಬೇರಾದುದು

ಧ್ವನಿಗಳನ್ನು ಬೆರಸದೆ ಇಡುವ ಉಪಾಯವು ಟೇಪಿನಿಂದಲೇ ಹುಟ್ಟಿತು. ಒಂದೇ ಪಟ್ಟಿಯ ಅಗಲವನ್ನು ಹಲವು ಗೆರೆಗಳಾಗಿ ವಿಭಾಗಿಸಿ, ಒಂದೊಂದು ಗೆರೆಯಲ್ಲಿ ಒಂದೊಂದು ಧ್ವನಿಯನ್ನು ಬರೆಯುವುದು ಇದರ ತತ್ತ್ವ. ಅಮೆರಿಕಾದ ವಾದಕ ಲೆಸ್ ಪಾಲನಿಗಾಗಿ ಆಂಪೆಕ್ಸ್ ಕಂಪನಿಯು ಎಂಟು ಪಥದ ಯಂತ್ರವನ್ನು ಮಾಡಿಕೊಟ್ಟದ್ದು 1957ರಲ್ಲಿ. ಅದು ಅಲಮಾರಿನಷ್ಟು ದೊಡ್ಡದು. 1963ರಲ್ಲಿ ಫಿಲಿಪ್ಸ್ ಕಂಪನಿಯು ಹೊರತಂದ ಸಣ್ಣ ಕ್ಯಾಸೆಟ್ಟನ್ನೇ ಬಳಸಿ, 1979ರಲ್ಲಿ ಜಪಾನಿನ ಟೀಯಾಕ್ ಕಂಪನಿಯು ‘ಪೋರ್ಟಾಸ್ಟುಡಿಯೋ’ ಎಂಬ ನಾಲ್ಕು ಪಥದ ಯಂತ್ರವನ್ನು ಮಾರಿತು. ಒಬ್ಬನು ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಬಹುಪಥ ಯಂತ್ರಗಳ ವಂಶಕ್ಕೆ ಇದೇ ಮೂಲ.

ಕಲಬುರಗಿ ಸೀಮೆಗೆ ಪಥಭೇದದ ಪ್ರಯೋಜನವು ಬೇರೊಂದು ದಾರಿಯಿಂದ ಮೊದಲೇ ತಿಳಿದಿದ್ದಿತು. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ದೂರದರ್ಶನ ಪ್ರಯೋಗಕ್ಕೆ ಆರು ರಾಜ್ಯಗಳ 2400 ಹಳ್ಳಿಗಳು ಆಯ್ಕೆಯಾದಾಗ, ಕರ್ಣಾಟಕದ ಪಾಲಿಗೆ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಬಂದುವು. ಅಂದು ಆಕಾಶದಿಂದ ಇಳಿಯುತ್ತಿದ್ದುದು ಒಂದು ಚಿತ್ರ, ಎರಡು ಧ್ವನಿಪಥ. ಒಂದೇ ಚಿತ್ರವನ್ನು ಆಂಧ್ರದವರು ತೆಲುಗಿನ ಮಾತಿನೊಡನೆ, ಕನ್ನಡಿಗರು ಕನ್ನಡದ ಮಾತಿನೊಡನೆ ನೋಡಬಹುದಾಗಿತ್ತು. ಬೆರಸದೆ ಕಳುಹಿದ್ದರಿಂದಲೇ ಒಂದರಿಂದ ಎರಡು ನಾಡುಗಳಿಗೆ ಉಪಯೋಗವಾಯಿತು.

ಈ ವಿಭಾಗದ ತತ್ತ್ವವು ಸಂಸ್ಕೃತಾಧ್ಯಯನ ಮಾಡಿದವರಿಗೆ ಹೊಸದಲ್ಲ. ವೇದಕ್ಕೆ ಸಂಹಿತಾಪಾಠವೆಂದೂ ಪದಪಾಠವೆಂದೂ ಎರಡು ಪಾಠಗಳು. ಸಂಹಿತೆಯಲ್ಲಿ ಪದಗಳು ಸಂಧಿಯಿಂದ ಕೂಡಿ ಹರಿಯುತ್ತವೆ. ಪದಪಾಠದಲ್ಲಿ ಒಂದೊಂದು ಪದವೂ ಬೇರೆಯಾಗಿ ನಿಲ್ಲುತ್ತದೆ. ಋಗ್ವೇದಕ್ಕೆ ಪದಪಾಠವನ್ನು ಮಾಡಿದವರು ಶಾಕಲ್ಯರೆಂಬ ಪ್ರಸಿದ್ಧಿಯುಂಟು. ಪದಗಳು ಬೇರೆಯಾಗಿ ದೊರೆತರೆ ಅವನ್ನು ಸಂಧಿನಿಯಮದಿಂದ ಕೂಡಿಸಬಹುದು. ಕೂಡಿದ್ದನ್ನು ಬಿಡಿಸುವಲ್ಲಿ ಮಾತ್ರ ವಿದ್ವಾಂಸರಿಗೂ ಸಂಶಯಗಳು ಏಳುತ್ತವೆ. ಬಹುಪಥ ಮುದ್ರಣವೂ ಮೇಳದ ಪದಪಾಠವೇ. ಏಕತಾರಿ, ಪೇಟಿ, ಡಗ್ಗಾ, ಕಂಠ ಇವು ಬೇರೆ ಬೇರೆಯಾಗಿ ಇದ್ದರೆ ಬೇಕೆಂದಾಗ ಬೆರಸಬಹುದು. ಒಮ್ಮೆ ಬೆರಸಿ ಇಟ್ಟುದನ್ನು ಬಿಡಿಸುವ ಗಣಕವಿಧಾನಗಳು ಈಗ ಬಂದಿದ್ದರೂ ಅವು ಊಹೆಯಿಂದ ಬಿಡಿಸುವುವೇ ಹೊರತು ಇದ್ದುದನ್ನು ಇದ್ದಂತೆ ಮರಳಿ ಕೊಡಲಾರವು.

೫. ಇಂದಿನ ಯಂತ್ರವೂ ಅದರ ಕ್ರಮವೂ

ಟೇಪಿನ ಸ್ಥಾನಕ್ಕೆ ಅಂಕಿಯು ಬಂದ ಮೇಲೆ ಯಂತ್ರವು ಇನ್ನೂ ಕಿರಿದಾಯಿತು. ಶಬ್ದದ ಏರಿಳಿತವನ್ನು ಒಂದು ಸೆಕೆಂಡಿಗೆ 44,100 ಸಾರಿ ಅಳೆದು, ಒಂದೊಂದು ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದೆಂದು ಗುರುತಿಸುವುದು 1982ರ ಸಿ.ಡಿ. ತಟ್ಟೆಯಿಂದ ರೂಢವಾದ ಪ್ರಮಾಣ. ಮನುಷ್ಯನ ಕಿವಿಗೆ ಕೇಳುವ ಅತ್ಯುಚ್ಚ ಕಂಪನವು ಸೆಕೆಂಡಿಗೆ ಸುಮಾರು 20,000. ಅದರ ಇಮ್ಮಡಿಗಿಂತ ಹೆಚ್ಚು ಸಾರಿ ಅಳೆದರೆ ಮೂಲವನ್ನು ಪುನಃ ರಚಿಸಬಹುದೆಂಬುದು ಇದರ ಆಧಾರ. 1996ರಲ್ಲಿ ಯು.ಎಸ್.ಬಿ. ಜೋಡಣೆಯು ಬಂದು, ಶಬ್ದವು ಆ ತಂತಿಯಲ್ಲಿ ಹರಿಯಬೇಕಾದ ನಿಯಮಗಳು 1998ರಲ್ಲಿ ಗೊತ್ತಾದುವು. ಜಪಾನಿನ ಜೂಮ್ ಕಂಪನಿಯು 2006ರಲ್ಲಿ ಹೊರತಂದ ಎಚ್4 ಎಂಬ ಕೈಯಂತ್ರವೂ, 2009ರ ಆರ್16 ಎಂಬ ಯಂತ್ರವೂ ಮುದ್ರಕಗಳಾಗಿದ್ದೇ ಕಂಪ್ಯೂಟರಿಗೆ ಇಂಟರ್‌ಫೇಸುಗಳೂ ಆಗುವಂತೆ ರಚಿತವಾದುವು. ಆರ್16ರಲ್ಲಿ ಒಮ್ಮೆಗೆ ಎಂಟು ಧ್ವನಿಗಳನ್ನು ತೆಗೆದುಕೊಳ್ಳಬಹುದು. ಆರು ಪೆನ್ಸಿಲ್ ಸೆಲ್ಲುಗಳ ಮೇಲೂ ಅದು ನಡೆಯುತ್ತದೆ. ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟಿನ ವಿದ್ಯುತ್ತು ಎಂಟು ದ್ವಾರಗಳಲ್ಲಿ ಎರಡಕ್ಕೆ ಮಾತ್ರ ಇರುವುದರಿಂದ, ಮಿಕ್ಕವುಗಳಿಗೆ ಸಭೆಗಳಲ್ಲಿ ಬಳಸುವ ಸಾಮಾನ್ಯ ಡೈನಮಿಕ್ ಮೈಕುಗಳು ಸಾಕಾಗುತ್ತವೆ.

ಲೆಕ್ಕವು ಹೀಗಿದೆ. ಎಂಟು ಪಥ, ಒಂದೊಂದು ಅಳತೆಗೆ ಎರಡು ಬೈಟು, ಸೆಕೆಂಡಿಗೆ 44,100 ಅಳತೆ: ಒಟ್ಟು 7,05,600 ಬೈಟು. ಒಂದು ಗಂಟೆಯ ಭಜನೆಗೆ ಸುಮಾರು 2.54 ಗಿಗಾಬೈಟು. 32 ಗಿಗಾಬೈಟಿನ ಕಾರ್ಡಿನಲ್ಲಿ ಹನ್ನೆರಡು ಗಂಟೆಗಳ, ಎಂದರೆ ಒಂದು ಪೂರ್ಣ ಅಹೋರಾತ್ರಿಯ ಅರ್ಧದಷ್ಟು ಮೇಳವು ಹಿಡಿಸುವುದು.

ಇಂಟರ್‌ಫೇಸಾಗಿ ಜೋಡಿಸಿದಾಗ ಗಮನಿಸಬೇಕಾದುದು ವಿಳಂಬ. ಕಂಪ್ಯೂಟರು ಅಳತೆಗಳನ್ನು ಒಂದೊಂದಾಗಿ ತೆಗೆದುಕೊಳ್ಳದೆ ಕಂತೆಕಂತೆಯಾಗಿ ತೆಗೆದುಕೊಳ್ಳುವುದರಿಂದ, 256 ಅಳತೆಗಳ ಕಂತೆಗೆ ಸುಮಾರು 5.8 ಮಿಲಿಸೆಕೆಂಡು ತಡವಾಗುವುದು. ಅಷ್ಟು ಕಾಲದಲ್ಲಿ ಶಬ್ದವು ಗಾಳಿಯಲ್ಲಿ ಎರಡು ಮೀಟರು ನಡೆಯುತ್ತದೆ. ಡಗ್ಗಾದವನಿಂದ ಎರಡು ಮೀಟರು ದೂರ ಕುಳಿತವನಿಗೆ ಆಗುವ ತಡವೇ ಇದು. ಕಂತೆಯು 1024 ಆದರೆ ಎಂಟು ಮೀಟರಿನ ದೂರವಾಗಿ ಹಾಡುವವನ ತಾಳವು ಕೆಡುವುದು. ಹೋಗುವಾಗಲೂ ಬರುವಾಗಲೂ ಕಂತೆಯುಂಟಾದ ಕಾರಣ, ಹಾಡುವವನು ತನ್ನ ಧ್ವನಿಯನ್ನು ಕಂಪ್ಯೂಟರಿನಿಂದ ಮರಳಿ ಕೇಳದೆ ಯಂತ್ರದಿಂದಲೇ ನೇರವಾಗಿ ಕೇಳುವುದು ಉತ್ತಮ. ಇನ್ನೊಂದು ಅಂಶ: ಎರಡು ಬೇರೆ ಯಂತ್ರಗಳ ಗಡಿಯಾರಗಳು ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ಭೇದಿಸಿದರೂ ಒಂದು ಗಂಟೆಯಲ್ಲಿ 72 ಮಿಲಿಸೆಕೆಂಡು ಅಂತರವಾಗಿ ಮೇಳವು ಮೇಳವಾಗಿ ಉಳಿಯದು. ಎಂಟು ಪಥಗಳೂ ಒಂದೇ ಗಡಿಯಾರಕ್ಕೆ ಅಧೀನವಾಗಿರುವುದು ಬಹುಪಥ ಯಂತ್ರದ ಮುಖ್ಯ ಬಲ.

೬. ಕಮಲಾಪುರವೂ ನಗರವೂ

ಈಗ ಧಾರಕ ವಾಹಕ ಭೇದಕ್ಕೆ ಬರಬಹುದು. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರು ನಡೆದರೆ, ಕೆಂಪು ಬಾಳೆಗೆ ಹೆಸರಾಗಿ ಈಚೆಗೆ ತಾಲ್ಲೂಕಿನ ಕೇಂದ್ರವೂ ಆದ ಕಮಲಾಪುರವು ಸಿಗುತ್ತದೆ. ಅದರ ಸುತ್ತಣ ಹಳ್ಳಿಯ ಗುಡಿಯೊಂದರಲ್ಲಿ ಮೇಳವು ಸೇರಿದಾಗ ಯಂತ್ರವನ್ನು ಒಯ್ದವನಿಗೆ ಎರಡು ದಾರಿಗಳಿವೆ. ಸೆಲ್ಲುಗಳ ಬಲದಿಂದ ಯಂತ್ರವನ್ನು ತಾನೇ ಬರೆದುಕೊಳ್ಳಲು ಬಿಡುವುದು ಒಂದು. ಲ್ಯಾಪ್‌ಟಾಪಿಗೆ ಜೋಡಿಸಿ, ದೊಡ್ಡ ಪರದೆಯ ಮೇಲೆ ಎಂಟು ಗೆರೆಗಳನ್ನು ನೋಡುತ್ತ ಅದರಲ್ಲಿಯೇ ಮುದ್ರಿಸುವುದು ಇನ್ನೊಂದು. ಎರಡನೆಯದು ನೋಟಕ್ಕೆ ಅನುಕೂಲ, ತಿದ್ದುವುದಕ್ಕೂ ಅನುಕೂಲ. ಆದರೆ 2009ರ ಆ ಎಂಟು ಪಥದ ಯಂತ್ರದಲ್ಲಿ, ಇಂಟರ್‌ಫೇಸಾಗಿ ನಡೆಯುವ ಹೊತ್ತಿಗೆ ಅದರ ಸ್ವಂತ ಕಾರ್ಡಿಗೆ ಏನೂ ಇಳಿಯುವುದಿಲ್ಲ. ಶಬ್ದವು ಯಂತ್ರದ ಮೂಲಕ ಹಾದುಹೋಗುವುದೇ ಹೊರತು ಅಲ್ಲಿ ನಿಲ್ಲದು. ವಿದ್ಯುತ್ತು ಹೋಗಿ ಲ್ಯಾಪ್‌ಟಾಪು ನಂದಿದರೆ, ತಂತಿಯು ಸಡಿಲವಾದರೆ, ಅಥವಾ ಮುದ್ರಣದ ತಂತ್ರಾಂಶವು ನಡುವೆ ನಿಂತರೆ, ಎಂಟು ಮೈಕುಗಳ ಮುಂದೆ ಹಾಡಿದ ಹಾಡು 1935ರ ಬಾನುಲಿಯ ಹಾಡಿನ ಗತಿಯನ್ನೇ ಹೊಂದುವುದು.

ನಗರಕ್ಕೆ ಮರಳಿದ ಮೇಲೆ ಸಂದರ್ಭವು ಬೇರೆ. ಸ್ಥಿರವಾದ ವಿದ್ಯುತ್ತಿರುವ ಕೋಣೆಯಲ್ಲಿ, ತಪ್ಪಿದರೆ ಮತ್ತೊಮ್ಮೆ ಹಾಡಬಲ್ಲ ಗಾಯಕನಿರುವಾಗ, ಯಂತ್ರವನ್ನು ಇಂಟರ್‌ಫೇಸಾಗಿ ಬಳಸುವುದು ದೋಷವಲ್ಲ. ಕಾರ್ಡಿನಲ್ಲಿ ತಂದ ಪಥಗಳನ್ನು ಕಂಪ್ಯೂಟರಿಗೆ ಇಳಿಸಿ, ಅದೇ ಯಂತ್ರದ ಮೂಲಕ ಕೇಳುತ್ತ ಪದದ ಪಾಠವನ್ನು ಬರೆದುಕೊಳ್ಳುವುದು ಅದರ ಸದುಪಯೋಗವೇ. ಈಚಿನ ಕೆಲವು ಯಂತ್ರಗಳಲ್ಲಿ ಕಾರ್ಡಿಗೂ ಕಂಪ್ಯೂಟರಿಗೂ ಒಮ್ಮೆಲೇ ಶಬ್ದವು ಇಳಿಯುವ ಏರ್ಪಾಡೂ ಉಂಟು. ಆಗ ಧಾರಕತ್ವ ವಾಹಕತ್ವಗಳೆರಡೂ ಅವಿರೋಧವಾಗಿ ಒಂದೆಡೆ ನೆಲಸುತ್ತವೆ. ಹೀಗೆ ಭೇದವು ಯಂತ್ರದ್ದಲ್ಲ, ದೇಶಕಾಲಗಳದ್ದು: ಪುನಃ ದೊರೆಯದ ಹಾಡಿನೆದುರು ಯಂತ್ರವು ಮೊದಲು ಧಾರಕವಾಗಿರಬೇಕು.

೭. ಆಕ್ಷೇಪವೂ ಸಮಾಧಾನವೂ

ಇಲ್ಲಿ ಒಂದು ಆಕ್ಷೇಪವು ಹುಟ್ಟುವುದು. ಭಜನೆಯು ಕೂಡಿ ಹಾಡುವಂತಹುದು. ಅದನ್ನು ಬಿಡಿಬಿಡಿಯಾಗಿ ಮುದ್ರಿಸಿದರೆ ಭಜನೆಯ ಪ್ರಾಣವಾದ ಕೂಟವೇ ಹೋಗುವುದಲ್ಲವೆ? ಒಬ್ಬೊಬ್ಬನ ಬಾಯ ಮುಂದೆಯೂ ಮೈಕನ್ನಿಟ್ಟರೆ ಹಾಡುವವರು ದೇವರ ಕಡೆಗೆ ನೋಡದೆ ಯಂತ್ರದ ಕಡೆಗೆ ನೋಡುವರಲ್ಲವೆ?

ಈ ಆಕ್ಷೇಪವು ನಿರ್ಮೂಲವಲ್ಲ. ಆದರೆ ಎಂಟು ಪಥಗಳಲ್ಲಿ ಎರಡನ್ನು ಇಡಿಯ ಕೂಟದ ಶ್ರವಣಕ್ಕಾಗಿ ದೂರದಿಂದ ಇಟ್ಟ ಮೈಕುಗಳಿಗೆ ಮೀಸಲಿಟ್ಟು, ಮಿಕ್ಕವನ್ನು ಕಂಠಕ್ಕೂ ವಾದ್ಯಗಳಿಗೂ ಕೊಟ್ಟರೆ ಸಂಹಿತೆಯೂ ದೊರೆಯಿತು, ಪದಪಾಠವೂ ದೊರೆಯಿತು. ಪದಪಾಠವು ಹುಟ್ಟಿದುದರಿಂದ ಸಂಹಿತೆಯು ನಷ್ಟವಾಗಲಿಲ್ಲ. ಅದರ ರಕ್ಷಣೆಯೇ ಆಯಿತು. ಹಾಡುವವರ ಸಂಕೋಚವಾದರೋ, ಅವರ ಒಪ್ಪಿಗೆಯನ್ನು ಪಡೆದು, ಮುದ್ರಿಸಿದುದನ್ನು ಮೊದಲು ಅವರಿಗೇ ಕೇಳಿಸಿ, ಒಂದು ಪ್ರತಿಯನ್ನು ಆ ಊರಿನಲ್ಲಿಯೇ ಬಿಟ್ಟುಬರುವ ಪದ್ಧತಿಯಿಂದ ಕ್ರಮೇಣ ಹೋಗುವುದು.

ಇನ್ನು, ತತ್ವಪದಗಳು ಸರಕಾರದ ಆಶ್ರಯದಿಂದ ಅನೇಕ ಸಂಪುಟಗಳಲ್ಲಿ ಮುದ್ರಿತವಾಗಿರುವಾಗ ಧ್ವನಿಯೇಕೆ ಎನ್ನುವವರಿಗೆ ಉತ್ತರವಿದು: ಪುಸ್ತಕವು ಅಕ್ಷರವನ್ನು ಕೊಡುವುದು; ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು, ಯಾವ ನುಡಿಯನ್ನು ಎರಡು ಸಾರಿ ಹೇಳಬೇಕು ಎಂಬುದನ್ನು ಹಾಡುವವನೇ ಕೊಡಬೇಕು. ಪದಚ್ಛೇದವು ಸಂದಿಗ್ಧವಾದ ಸ್ಥಳಗಳಲ್ಲಿ ಗಾಯಕನ ಉಸಿರೇ ವ್ಯಾಖ್ಯಾನ.

೮. ಉಪಸಂಹಾರ

ಕಲಬುರಗಿ ಸೀಮೆಯ ಧ್ವನಿಚರಿತ್ರೆಯನ್ನು ನೋಡಿದರೆ, ಗ್ರಾಮಫೋನು ಈ ಹಾಡುಗಳನ್ನು ಬಹುಮಟ್ಟಿಗೆ ಗಣಿಸಲಿಲ್ಲ. ಭಾಷಾಸಮೀಕ್ಷೆಯು ಸೀಮೆಯನ್ನೇ ಹೊರಗಿಟ್ಟಿತು. ಬಾನುಲಿಯು ವಹಿಸಿತು, ಎಲ್ಲವನ್ನೂ ಧರಿಸಲಾರದೆ ಹೋಯಿತು. ಈಗ ಸಣ್ಣ ಯಂತ್ರವೊಂದು ಹಳ್ಳಿಯ ಗುಡಿಯಲ್ಲಿಯೇ ಎಂಟು ಪಥಗಳನ್ನು ಹಿಡಿಯಬಲ್ಲದು. ಸೀಮೆಯಲ್ಲಿ 1980ರಲ್ಲಿ ಹುಟ್ಟಿದ ಗುಲಬರ್ಗಾ ವಿಶ್ವವಿದ್ಯಾಲಯವೂ, 2009ರಲ್ಲಿ ಹುಟ್ಟಿದ ಕೇಂದ್ರೀಯ ವಿಶ್ವವಿದ್ಯಾಲಯವೂ ಇರುವಾಗ, ಕೆಲಸಕ್ಕೆ ಬೇಕಾದ ಕೈಗಳಿಗೆ ಕೊರತೆಯಿರಬಾರದು. ಯಂತ್ರವು ಧರಿಸಿದುದನ್ನು ಮನುಷ್ಯರು ಮತ್ತೆ ಧರಿಸಬೇಕು: ಕಾರ್ಡಿನಿಂದ ಇಳಿಸಿದ ಮೇಲೆ ಎರಡು ಬೇರೆ ಸ್ಥಳಗಳಲ್ಲಿ ಪ್ರತಿಗಳನ್ನಿಟ್ಟು, ಹಾಡಿದವರ ಹೆಸರು, ಊರು, ದಿನ, ಯಾವ ಪಥದಲ್ಲಿ ಯಾವ ಧ್ವನಿ ಎಂಬುದನ್ನು ಬರೆದಿಟ್ಟು, ಆಮೇಲೆ ಮಾತ್ರ ಕಾರ್ಡನ್ನು ಅಳಿಸಬೇಕು. ಓಲೆಗರಿಯನ್ನು ಪ್ರತಿಮಾಡಿ ಮುಗಿಸುವ ಮುನ್ನ ಮೂಲವನ್ನು ನೀರಿಗೆ ಬಿಡುವ ಲಿಪಿಕಾರನಿಲ್ಲ. ಹಂತಿಯ ಪದವನ್ನು ಕಣದಲ್ಲಿ ಹಾಡಿದವರು ಈಗ ಮುಪ್ಪಿನವರು. ಅವರ ಕಂಠಕ್ಕೆ ಪ್ರತ್ಯಂತರವಿಲ್ಲ. ಆದುದರಿಂದ ಅವರೆದುರು ಇಡುವ ಯಂತ್ರವು ಮೊದಲು ಧರಿಸಲಿ, ವಹಿಸುವುದು ಆಮೇಲಾಗಲಿ.